ಹೊರಗಿನ ಅಗುಳಿ

ದೇವದಾಸಣ್ಣನ ಬಗ್ಗೆ ಬರೆಯುವುದಕ್ಕೆ ಕೋಲ್ಕತ್ತಾದ ಕನ್ನಡಿಗರಲ್ಲಿ ನನಗಿಂತ ಯೋಗ್ಯರು ಯಾರೂ ಇಲ್ಲ. ಅವರನ್ನು ಮೂವತ್ತೈದು ವರ್ಷದಿಂದ ಬಲ್ಲೆ. ಒಂದೇ ಬ್ಯಾಂಕಿನಲ್ಲಿ ದುಡಿದವರು ನಾವು. ಲೇಕ್ ಗಾರ್ಡನ್ಸ್‌ನ ಒಂದೇ ಕಟ್ಟಡದಲ್ಲಿ ಅವರದು ಮೂರನೇ ಮಹಡಿ, ನನ್ನದು ಎರಡನೇ ಮಹಡಿ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ನಾನು ಮಾಡಿದಷ್ಟು ಕೇಡನ್ನು ಬೇರೆ ಯಾರೂ ಮಾಡಿಲ್ಲ. ಕನ್ನಡ ಸಂಘದವರು ವಾರ್ಷಿಕ ಸಂಚಿಕೆಯ 'ನಮ್ಮ ಹಿರಿಯರು' ಅಂಕಣಕ್ಕೆ ಅವರ ಕುರಿತು ಒಂದು ಪುಟ ಬರೆದುಕೊಡಿ ಅಂದರು. ಬರೆದುಕೊಟ್ಟೆ. ಅದರಲ್ಲಿ ಎಲ್ಲ ಒಳ್ಳೆಯ ಮಾತೇ ಇದೆ. ಉಳಿದದ್ದು ಇಲ್ಲಿದೆ.

ನೋಡಲಿಕ್ಕೆ ದೇವದಾಸಣ್ಣ ಏನೂ ಅಲ್ಲ. ಪೀಚಲು ಆಳು, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಾರೆ, ಅಂಗಿಯ ಕಿಸೆಯಲ್ಲಿ ಸದಾ ಒಂದು ಅಳತೆ ಟೇಪು. ಬಿಬಿಡಿ ಬಾಗ್‌ನ ನಮ್ಮ ಶಾಖೆಯಲ್ಲಿ ಅವರಿಗೆ ಟಪಾಲು ವಿಭಾಗ ಕೊಟ್ಟಿದ್ದರು. ಬಂದ ಕಾಗದಕ್ಕೆ ಮುದ್ರೆ ಒತ್ತುವುದು, ಹೋಗುವ ಕಾಗದಕ್ಕೆ ಮುದ್ರೆ ಒತ್ತುವುದು. ಬಡ್ತಿ ಪರೀಕ್ಷೆಗೆ ಒಮ್ಮೆಯೂ ಕೂರಲಿಲ್ಲ. ಮಧ್ಯಾಹ್ನ ಉಳಿದವರು ಊಟ ಮುಗಿಸಿ ಹರಟುತ್ತಿದ್ದರೆ ಇವರು ಬೀದಿಗಿಳಿದು ಹಳೆಯ ಕಟ್ಟಡಗಳ ಗೋಡೆಯ ದಪ್ಪ ಅಳೆಯುತ್ತಿದ್ದರು. ಕಾವಲಿನವರು ಎರಡು ಸಲ ಅನುಮಾನದ ಮೇಲೆ ಹಿಡಿದು ಕೂರಿಸಿದ್ದರು. ಹೋಗಿ ಬಿಡಿಸಿಕೊಂಡು ಬಂದವನು ನಾನೇ. ಆಗ ನಾನಿನ್ನೂ ಒಳ್ಳೆಯವನಾಗಿದ್ದೆ ಅಂತ ಕಾಣುತ್ತದೆ.

ಈ ಅಳೆಯುವ ಚಟ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಉಡುಪಿಯ ಕಡೆಯವರು. ಘಟ್ಟದ ಮೇಲಿನ ಬೊಗಸೆಗುಡ್ಡ ಎಂಬಲ್ಲಿ ಬೆಟ್ಟದ ನೆತ್ತಿಯ ಮೇಲೆ ಒಂದು ಹಳೆಯ ಕೋಟೆ. ಆರುನೂರು ವರ್ಷದ ಹಿಂದೆ ಯಾವನೋ ಸಣ್ಣ ಅರಸು ಕಟ್ಟಿಸಿದ್ದು. ಅರಸು ಹೋಗಿ, ಅರಸನ ವಂಶ ಹೋಗಿ, ಕೊನೆಗೆ ಸರ್ಕಾರ ಅಲ್ಲಿನ ಕಣಜವನ್ನು ಸುಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡಿತು. ಅದಕ್ಕೆ ಕಾವಲುಗಾರ, ಕಸ ಗುಡಿಸುವವ, ಟಿಕೀಟು ಹರಿಯುವವ, ಕಥೆ ಹೇಳುವವ ಎಲ್ಲ ಒಬ್ಬರೇ, ಈ ಅಪ್ಪ. ದೇವದಾಸಣ್ಣ ಹದಿನಾಲ್ಕು ವರ್ಷದವರೆಗೆ ಆ ಕೋಟೆಯಲ್ಲೇ ಬೆಳೆದರು.

ಪ್ರತಿ ವರ್ಷ ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವಕ್ಕೆ ಅವರದೊಂದು ಭಾಷಣ ಇದ್ದೇ ಇರುತ್ತಿತ್ತು, ವಿಷಯ ಬೊಗಸೆಗುಡ್ಡದ ಕೋಟೆ. ಮೂವತ್ತು ವರ್ಷ ಒಂದೇ ವಿಷಯ. ಅವರು ಮೈಕಿನ ಹತ್ತಿರ ಬಂದ ಕೂಡಲೇ ಜನ ಬಿಸಿಬೇಳೆಬಾತಿನ ಪಾತ್ರೆಯ ಕಡೆ ಜಾರುತ್ತಿದ್ದರು. ಬೆಂಗಳೂರಿನಿಂದ ಬಂದ ಐಟಿ ಹುಡುಗರು ಅವರಿಗೆ 'ಬತೇರಿ ಅಂಕಲ್' ಎಂದು ಹೆಸರಿಟ್ಟಿದ್ದರು. ಆ ಹೆಸರು ಹುಟ್ಟಿಸಿದ್ದು ಕೂಡ ನಾನೇ.

ಕೇಳಿ ಕೇಳಿ ಆ ಕೋಟೆ ನನಗೂ ಬಾಯಿಪಾಠ ಆಗಿಹೋಗಿದೆ. ಮೂರು ಹೆಬ್ಬಾಗಿಲು. ಒಂದು ದಾಟಿದ ಕೂಡಲೇ ದಾರಿ ಗೋಡೆಗೆ ಮುಟ್ಟಿ ಅಡ್ಡ ತಿರುಗುತ್ತದೆ, ಯಾಕೆಂದರೆ ಆನೆಗೆ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು. ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ಕಲ್ಲು, ಸಂದಿಯಲ್ಲಿ ಚಾಕುವಿನ ತುದಿಯೂ ಹೋಗುವುದಿಲ್ಲ. ಕಣಜದ ಗೋಡೆ ಆರು ಅಡಿ ದಪ್ಪ. ಕಿಟಕಿಯಿಲ್ಲ, ಗಾಳಿಗೆ ಬೆರಳಗಲದ ಸೀಳು ಮಾತ್ರ. ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ಎರಡು ಹೊಂಡ. ಸುತ್ತ ಹನ್ನೊಂದು ಬತೇರಿ, ಅಂದರೆ ಗೋಡೆಯಿಂದ ಹೊರಗೆ ಉಬ್ಬಿದ ದುಂಡು ಕಾವಲುಗೋಪುರ.

ಅದರಲ್ಲಿ ವಾಯವ್ಯದ ಬತೇರಿಯದೇ ಕಥೆ. ಕಟ್ಟಿದ್ದು ಮಳೆಗಾಲದಲ್ಲಿ ಕುಸಿಯುತ್ತಿತ್ತಂತೆ. ಮೂರು ಸಲ ಕುಸಿಯಿತು. ಬಲಿ ಬೇಕು ಎಂದು ಯಾರೋ ಹೇಳಿದರು. ಕಲ್ಲುಕುಟಿಗನ ಸೊಸೆ ಚೆನ್ನಮ್ಮನನ್ನು ಬತೇರಿಯ ಹೊಟ್ಟೆಯಲ್ಲಿ ಒಂದು ಗೂಡು ಬಿಟ್ಟು ಅದರೊಳಗೆ ಮುಚ್ಚಿದರು. ಬತೇರಿ ನಿಂತಿತು. ನಲವತ್ತೋ ಐವತ್ತೋ ಇಸವಿಯಲ್ಲಿ ಗೋಡೆ ಸೀಳಿದಾಗ ಗೂಡು ಕಾಣಿಸಿತು, ಒಳಗೆ ಬಳೆಯ ಚೂರು ಸಿಕ್ಕಿತು. ಆ ಚೂರುಗಳನ್ನು ಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಒಂದು ಫಲಕ ಹಾಕಿದರು: 'ಕೋಟೆಯ ಉಳಿವಿಗಾಗಿ ಸ್ವಇಚ್ಛೆಯಿಂದ ಪ್ರಾಣಾರ್ಪಣೆ ಮಾಡಿದ ಚೆನ್ನಮ್ಮನ ಬಳೆಗಳು.'

ಅಪ್ಪ ಪ್ರತಿದಿನ ಆ ಫಲಕದ ಧೂಳು ಒರೆಸಬೇಕಿತ್ತು. ಒರೆಸಿ ಒರೆಸಿ ಅವರಿಗೆ 'ಸ್ವಇಚ್ಛೆಯಿಂದ' ಎಂಬ ಆ ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಬಿಡುವಾದಾಗಲೆಲ್ಲ ಹಗ್ಗ ಹಿಡಿದು ಕೋಟೆಯನ್ನು ಅಳೆದರು, ಇಲಾಖೆಯ ರದ್ದಿ ಕಾಗದಗಳ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆದರು. ಒಟ್ಟು ನಲವತ್ತೆರಡು ಹಾಳೆ. ಅಳೆಯುತ್ತಾ ಅವರಿಗೆ ಮೂರು ಸಂಗತಿ ಕಂಡವು. ಒಂದು, ಆ ಗೂಡಿಗೆ ಮೊದಲು ಬಾಗಿಲಿತ್ತು, ಗೋಡೆ ಮುಚ್ಚಿದ್ದು ಆಮೇಲೆ. ಬಾಗಿಲಿನ ಅಗುಳಿ ಸೇರುವ ತೂತುಗಳು ಕಲ್ಲಿನ ಹೊರಮೈಯಲ್ಲಿವೆ. ಎರಡನೆಯದು, ಕೋಟೆಯ ನಗಾರಿಕಟ್ಟೆ ಹೆಬ್ಬಾಗಿಲಿನ ಹತ್ತಿರ ಇಲ್ಲ, ಈ ಬತೇರಿಯ ಎದುರಿಗೇ ಇದೆ. ಮೂರನೆಯದು, ಬತೇರಿಯ ಬುಡದಲ್ಲಿ ನೀರು ಹೋಗಲು ಒಂದು ಮೋರಿ ಕೊರೆದಿದ್ದಾರೆ. ಗೂಡಿನ ಕಲ್ಲಿನ ಮೇಲಿರುವ ಉಳಿಯ ಗುರುತೇ ಅದರ ಮೇಲೂ ಇದೆ. ಮಳೆನೀರಿಗೆ ದಾರಿ ಸಿಕ್ಕಿತು, ಬತೇರಿ ನಿಂತಿತು. ಅವಳ ಸಾವಿಗೂ ಅದಕ್ಕೂ ಸಂಬಂಧವೇ ಇಲ್ಲ.

"ನೀನೇ ಹೇಳು ಮಾರಾಯ," ದೇವದಾಸಣ್ಣ ನನ್ನನ್ನು ನೂರು ಸಲ ಕೇಳಿರಬಹುದು, "ಇಷ್ಟಪಟ್ಟು ಒಳಗೆ ಹೋದವಳ ಬಾಗಿಲಿಗೆ ಹೊರಗಿಂದ ಅಗುಳಿ ಎಂತಕ್ಕೆ? ಕೂಗದವಳ ಎದುರು ನಗಾರಿ ಎಂತಕ್ಕೆ?"

"ಹೌದಲ್ಲ ದೇವದಾಸಣ್ಣ," ಅನ್ನುತ್ತಿದ್ದೆ. ಅವರು ಹೋದ ಮೇಲೆ ನಗುತ್ತಿದ್ದೆ.

ಅಪ್ಪ ಇಲಾಖೆಗೆ ಕಾಗದ ಬರೆದರು. ಉತ್ತರವಿಲ್ಲ. ಒಂದು ದಿನ ಚಾಕು ತೆಗೆದುಕೊಂಡು ಫಲಕದಿಂದ ಆ ಪದವನ್ನು ಕೆರೆದು ತೆಗೆದರು. ಕೆಲಸ ಹೋಯಿತು. ಊರಿಗೆ ಮರಳಿ ಯಾರದೋ ಅಂಗಡಿಯಲ್ಲಿ ತೂಕ ಹಾಕುತ್ತಾ ಹತ್ತು ವರ್ಷ ಬದುಕಿದರು. ಸಾಯುವಾಗ ಮಗನಿಗೆ ಹೇಳಿದ್ದು ಒಂದೇ ಮಾತು, "ಆ ಸಾಲು ತಿದ್ದಿಸು." ಮಗ ಕಾಗದಗಳ ಪೆಟ್ಟಿಗೆ ಹೊತ್ತುಕೊಂಡು ಬ್ಯಾಂಕಿನ ಕೆಲಸಕ್ಕೆ ಕೋಲ್ಕತ್ತಾಗೆ ಬಂದರು. ಇಲ್ಲಿಂದ ಅವರೂ ವರ್ಷಕ್ಕೆ ಎರಡರಂತೆ ಬರೆದರು. ಒಮ್ಮೆ ಉತ್ತರ ಬಂತು: ಫಲಕವು ದಾಖಲೆಗೆ ಅನುಗುಣವಾಗಿದೆ.

ಅವರ ಹೆಂಡತಿ ಕುಸುಮಾವತಿ, ಕುಸುಮಕ್ಕ, ಪೆನ್ಸಿಲಿನ ಗೆರೆ ಮಾಸುತ್ತಿದೆ ಎಂದು ಆ ನಲವತ್ತೆರಡು ಹಾಳೆಗಳ ಮೇಲೆ ಕಪ್ಪು ಶಾಯಿಯಲ್ಲಿ ಗೆರೆ ತಿದ್ದಿದವರು. ನಾಲ್ಕು ವರ್ಷ ಹಿಡಿಯಿತು. ಮಕ್ಕಳಿಲ್ಲ. ಹೊರಗಿನ ಅಗುಳಿ, ನಗಾರಿಕಟ್ಟೆ, ಮೋರಿ ಎಲ್ಲ ಅವರಿಗೆ ಗಂಡನಿಗಿಂತ ಚೆನ್ನಾಗಿ ಗೊತ್ತು.

ಇನ್ನು ನನ್ನ ವಿಷಯ. ನನ್ನ ಹೆಸರು ಯಶವಂತ, ಮಂಗಳೂರಿನವನು. ಬಂಗಾಳಿಯನ್ನು ಬಂಗಾಳಿಗಳಂತೆ ಮಾತಾಡುತ್ತೇನೆ, ಬರೆಯುತ್ತೇನೆ. ನಮ್ಮ ಪಾಡಾದ, ಅಂದರೆ ನಮ್ಮ ಬಡಾವಣೆಯ, ದುರ್ಗಾಪೂಜೆ ಕಮಿಟಿಯಲ್ಲಿ ನಾನೊಬ್ಬನೇ ಹೊರಗಿನವನು. ಒಳಗೆ ಹೋಗಲು ಹದಿನೆಂಟು ವರ್ಷ ಬೇಕಾಯಿತು. ಕುರ್ಚಿ ಹೊತ್ತೆ, ಖಿಚುಡಿ ಬಡಿಸಿದೆ, ರಕ್ತದಾನ ಶಿಬಿರದಲ್ಲಿ ಎರಡು ಸಲ ರಕ್ತ ಕೊಟ್ಟೆ. ಕೊನೆಗೆ ಕಾರ್ಯದರ್ಶಿ ತಮೋನಾಶ್ ಗುಹ ಒಂದು ದಿನ ಹೆಗಲ ಮೇಲೆ ಕೈ ಹಾಕಿ, "ಯಶ್ ನಮ್ಮವನೇ," ಅಂದ. ಆ ಮಾತಿಗೆ ನಾನು ಏನು ಬೇಕಾದರೂ ಮಾಡಲು ತಯಾರಿದ್ದೆ. ಮಾಡಿಯೂ ಮಾಡಿದೆ.

ಇಲ್ಲಿ ಪೂಜೆಯ ಮಂಟಪ ಅಂದರೆ ಬರೀ ಮಂಟಪ ಅಲ್ಲ. ವರ್ಷಕ್ಕೊಂದು ಥೀಮು ಬೇಕು, ಸ್ಪರ್ಧೆಗೆ ತೀರ್ಪುಗಾರರು ಬರುತ್ತಾರೆ, ಬಹುಮಾನ ಬಂದ ಪಾಡಾದವರು ಮುಂದಿನ ವರ್ಷದವರೆಗೆ ಎದೆ ಉಬ್ಬಿಸಿಕೊಂಡು ತಿರುಗುತ್ತಾರೆ. ನಮಗೆ ಹನ್ನೊಂದು ವರ್ಷದಿಂದ ಏನೂ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಬಂಗಾಳಿ ಹೊಸವರ್ಷದ ಸಭೆಯಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಬಾಯಿಬಿಟ್ಟೆ. ದಕ್ಷಿಣದಲ್ಲೊಂದು ಬೆಟ್ಟದ ಕೋಟೆ, ಅದರ ಪೂರ್ತಿ ನಕ್ಷೆ ನನ್ನ ಮೇಲಿನ ಮನೆಯಲ್ಲೇ ಇದೆ ಅಂದೆ. ಥೀಮು ಕಲಾವಿದೆ ಪೂರ್ವಿ, ಕಲಾಶಾಲೆ ಮುಗಿಸಿ ಬಂದ ಚುರುಕು ಹುಡುಗಿ, ಕಣ್ಣರಳಿಸಿದಳು.

ಮರುದಿನ ತಮೋನಾಶ್, ಪೂರ್ವಿ, ನಾನು ಮೂರನೇ ಮಹಡಿಗೆ ಹೋದೆವು. ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿ ದೇವದಾಸಣ್ಣ ಎರಡು ಗಂಟೆ ವಿವರಿಸಿದರು. ಕೊನೆಗೆ ಕೈಮುಗಿದು ಹೇಳಿದ್ದನ್ನು ನಾನು ಬಂಗಾಳಿಗೆ ಮಾಡಿದೆ.

"ನನಗೆ ಎಂತದೂ ಬೇಡ. ಹೆಸರು ಬೇಡ, ಸನ್ಮಾನ ಬೇಡ. ಬತೇರಿ ಕಟ್ಟಿ, ಅದರ ಗೂಡು ಕಟ್ಟಿ. ಎದುರಿಗೆ ಹಾಕುವ ಫಲಕದಲ್ಲಿ ಅವಳನ್ನು ಎಳ್ಕೊಂಡು ಬಂದು ಕೂಡಿ ಹಾಕಿದ್ದು ಅಂತ ಬರೀಬೇಕು. ಅದೊಂದು ಸಾಲು. ಅಪ್ಪನಿಗೆ ಕೊಟ್ಟ ಮಾತು."

"ಮಾತು ಕೊಟ್ಟೆ ದೇಬುದಾ," ಎಂದ ತಮೋನಾಶ್. ಬಂಗಾಳಿಗಳ ಬಾಯಲ್ಲಿ ದೇವದಾಸಣ್ಣ ದೇಬುದಾ ಆಗಿದ್ದರು.

ಆ ಮೇಲಿನ ಐದು ತಿಂಗಳು ದೇವದಾಸಣ್ಣ ಬದುಕಿದರು. ಅದಕ್ಕೆ ಮೊದಲು ಅವರು ಬದುಕಿದ್ದನ್ನು ನಾನು ಕಂಡಿರಲಿಲ್ಲ. ಬಿದಿರಿನ ಹಂದರ ಏಳುತ್ತಿದ್ದ ಹಾಗೆ ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿ ಹಾಜರು. ಹೆಬ್ಬಾಗಿಲಿನ ತಿರುವು ಒಂದು ಅಡಿ ಕಡಿಮೆಯಾಯಿತು ಎಂದು ಮೇಸ್ತ್ರಿಯ ಕೈಯಲ್ಲಿ ಬಿಚ್ಚಿಸಿ ಕಟ್ಟಿಸಿದರು. ಪ್ಲೈವುಡ್ಡಿಗೆ ಥರ್ಮಾಕೋಲು ಅಂಟಿಸಿ, ಅದರ ಮೇಲೆ ಗಾರೆ ಬಳಿದು ಪೂರ್ವಿ ಕಲ್ಲು ಮಾಡಿದಳು. ಕೈಯಿಂದ ಮುಟ್ಟಿದರೆ ಮಾತ್ರ ಸುಳ್ಳು ಅಂತ ಗೊತ್ತಾಗುತ್ತಿತ್ತು. ಕಣಜದೊಳಗೆ ದೇವಿಯ ಮೂರ್ತಿ, ಬತೇರಿಯ ಎದುರು ನಗಾರಿಕಟ್ಟೆ, ಆ ಕಟ್ಟೆಯ ಮೇಲೆ ನಮ್ಮ ಢಾಕಿಗಳು, ಡೋಲು ಬಾರಿಸುವವರು, ಕೂರುವುದು ಅಂತ ತೀರ್ಮಾನವಾಯಿತು.

ಗೂಡಿನ ಬಾಗಿಲು ಮಾತ್ರ ಸುಳ್ಳಾಗಬಾರದು ಎಂದು ದೇವದಾಸಣ್ಣ ಹಟ ಹಿಡಿದರು. ಯಾವುದೋ ಒಡೆದ ಮನೆಯ ತೇಗದ ಬಾಗಿಲು ಹುಡುಕಿ ತಂದರು. ಎಸ್‌ಪ್ಲನೇಡಿನ ಹಿಂದಿನ ಗಲ್ಲಿಗಳಲ್ಲಿ ಮೂರು ದಿನ ಅಲೆದು ಹಳೆಕಾಲದ ಕಬ್ಬಿಣದ ಕೊಂಡಿಗಳನ್ನು ಹಿಡಿದುಕೊಂಡು ಬಂದರು. ಬಡಗಿಯ ಪಕ್ಕ ಕುಳಿತು ಅಪ್ಪನ ಅಳತೆಗೆ ಸರಿಯಾಗಿ ಸಾಲ ಮರದ ಒಂದು ಅಗುಳಿ ಮಾಡಿಸಿದರು. ಬಾಗಿಲಿನ ಹೊರಮೈಗೆ ಅದನ್ನು ಹಾಕಿ, ತೆಗೆದು, ಹಾಕಿ, ನನ್ನನ್ನು ಕರೆದು ತೋರಿಸಿದರು.

"ಇಡೀ ಕೋಟೆಯಲ್ಲಿ ಇದೊಂದೇ ನಿಜದ ಸಾಮಾನು, ಯಶವಂತ. ನೋಡಿದವರಿಗೆ ಗೊತ್ತಾಗ್ಲಿಕ್ಕೆ ಇದೊಂದೇ ಸಾಕು."

ನವರಾತ್ರಿಯ ತದಿಗೆಯ ದಿನ ಮೊದಲ ಪೆಟ್ಟು ಬಿತ್ತು. ಹಾಳೆಗಳನ್ನು ಸ್ಕ್ಯಾನ್ ಮಾಡಿ ಮರಳಿಸುತ್ತೇನೆ ಎಂದು ಒಯ್ದಿದ್ದ ಪೂರ್ವಿ ಮೂಲ ಹಾಳೆಗಳನ್ನೇ ಗೂಡಿನ ಒಳಗೋಡೆಗೆ ಮೈದಾ ಅಂಟಿನಲ್ಲಿ ಮೆತ್ತಿ ಮೇಲೆ ವಾರ್ನಿಷು ಹೊಡೆದಿದ್ದಳು. ಹಳೆಯ ಕಾಗದದ ಆ ಬಣ್ಣ ಪ್ರಿಂಟಿನಲ್ಲಿ ಬರುವುದಿಲ್ಲ ಎಂದಳು. ನನಗೆ ವಾರದ ಹಿಂದೆಯೇ ಗೊತ್ತಿತ್ತು; ನಾನೇ ಏಣಿ ಹಿಡಿದಿದ್ದೆ. ದೇವದಾಸಣ್ಣ ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಸವರುತ್ತಾ ಬಹಳ ಹೊತ್ತು ನಿಂತರು. ಕುಸುಮಕ್ಕ ಬಾಗಿಲಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು.

"ಇರ್ಲಿ," ಎಂದರು ದೇವದಾಸಣ್ಣ ಹೊರಗೆ ಬಂದು. "ಕಾಗದ ಹೋದ್ರೆ ಹೋಗ್ಲಿ. ಆ ಸಾಲು ಸರಿ ಇದ್ರೆ ಸಾಕು."

ಸಾಲು ಬರೆಯುವ ಕೆಲಸ ನನ್ನದು. ಬಂಗಾಳಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆದಿದ್ದೆ, ಅವರು ಹೇಳಿದ ಹಾಗೆಯೇ ಬರೆದಿದ್ದೆ. ಅಷ್ಟು ಹೊತ್ತಿಗೆ ಪ್ರಾಯೋಜಕರ ಕಡೆಯ ಒಬ್ಬ ಮನುಷ್ಯ ಬಂದು ನೋಡಿ ಮೂಗು ಮುರಿದ. ತಾಯಿಯ ಹಬ್ಬ, ಹೆಂಗಸನ್ನು ಎಳೆದು ತಂದು ಕೊಂದರು ಅಂದರೆ ಮನೆಮಂದಿ ಮುಖ ತಿರುಗಿಸುತ್ತಾರೆ, ಅವಳಾಗಿ ಕೊಟ್ಟಳು ಅನ್ನಿ, ಕಣ್ಣೀರು ಬರುತ್ತದೆ ಎಂದ. ತಮೋನಾಶ್ ನನ್ನ ಮುಖ ನೋಡಿದ. "ಒಂದು ಪದ ಬದಲಾಯಿಸುವುದು ನಿನಗೆ ಯಾವ ಲೆಕ್ಕ? ನಮ್ಮವನಲ್ಲವೇ ನೀನು!"

ಒಂದು ಪದವಲ್ಲ, ಮೂರು ಭಾಷೆಯಲ್ಲಿ ಮೂರು ಪದ ಬದಲಾಯಿಸಿದೆ. ಬಂಗಾಳಿಯಲ್ಲಿ ಆ ವಾಕ್ಯ ಬಹಳ ಸೊಗಸಾಗಿ ಬಂತು ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು.

ಚತುರ್ಥಿಯ ಬೆಳಿಗ್ಗೆ ದೇವದಾಸಣ್ಣ ಫಲಕ ಓದಿದರು. ಅವರಿಗೆ ಬಂಗಾಳಿ ಓದಲು ಬರುವುದಿಲ್ಲ, ಹಿಂದಿಯದನ್ನು ಓದಿದರು. ಆಮೇಲೆ ಇಂಗ್ಲಿಷಿನದನ್ನು ಓದಿದರು. ನನ್ನ ಹತ್ತಿರ ಬಂದರು.

"ಇದು ಯಾರು ಬರ್ದದ್ದು?"

"ಕಮಿಟಿಯವರು," ಅಂದೆ.

"ಅಕ್ಷರ ನಿನ್ನದು ಮಾರಾಯ."

ಜಗಳವಾಡಲಿಲ್ಲ, ಕೂಗಾಡಲಿಲ್ಲ. ಫಲಕದ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತರು. ಬಂದವರು ಓದಲು ಬಗ್ಗಿದ ಕೂಡಲೇ ಎದ್ದು ನಿಂತು ತಮ್ಮ ಹರಕು ಬಂಗಾಳಿಯಲ್ಲಿ, "ಇದು ಸುಳ್ಳು. ಅಗುಳಿ ನೋಡಿ. ಹೊರಗಿದೆ," ಎನ್ನುತ್ತಿದ್ದರು. ಅಷ್ಟೇ. ಸಂಜೆವರೆಗೆ ಅದೇ. ಕೆಲವರು ನಕ್ಕರು, ಕೆಲವರು ವಿಡಿಯೋ ತೆಗೆದರು, ಕೆಲವರು ಮಾತ್ರ ಅಗುಳಿಯನ್ನು ನೋಡಿ ಸುಮ್ಮನಾದರು. ಆ ಕೆಲವರನ್ನು ಕಂಡು ತಮೋನಾಶನಿಗೆ ದಿಗಿಲು ಹತ್ತಿತು.

ಪಂಚಮಿಯ ಮಧ್ಯಾಹ್ನ ಮೂರಕ್ಕೆ ತೀರ್ಪುಗಾರರು. ಎರಡೂವರೆಗೆ ತಮೋನಾಶ್ ನನ್ನನ್ನು ಪಕ್ಕಕ್ಕೆ ಎಳೆದ. "ನಿಮ್ಮ ಮನುಷ್ಯ. ನೀನೇ ಏನಾದರೂ ಮಾಡು. ಮಾಡಲಿಲ್ಲ ಅಂದರೆ ಹುಡುಗರನ್ನು ಕರೆದು ಎತ್ತಿಸಿ ಹೊರಗೆ ಹಾಕಿಸುತ್ತೇನೆ." ಮೊನ್ನೆಯವರೆಗೆ ನಾನು ನಮ್ಮವನಾಗಿದ್ದೆ, ಈಗ ದೇವದಾಸಣ್ಣ 'ನಿಮ್ಮ ಮನುಷ್ಯ', ಅಂದರೆ ನಾನೂ ಹೊರಗಿನವನು. ದೇವದಾಸಣ್ಣನ ಮೇಲೆ ಎಂಥ ಸಿಟ್ಟು ಬಂತೆಂದರೆ, ಈ ಮನುಷ್ಯ ಇಷ್ಟು ವರ್ಷದಿಂದ ನನ್ನ ಕಾಲಿಗೆ ಕಟ್ಟಿದ ಕಲ್ಲು ಅನಿಸಿತು.

ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ದೇವದಾಸಣ್ಣ, ಒಳಗೆ ಒಂದು ಹಾಳೆ ಏಳ್ತಾ ಉಂಟು. ಮೋರಿಯ ನಕ್ಷೆ. ನೀವೇ ಒಮ್ಮೆ ನೋಡಿ, ಬೇರೆಯವರು ಮುಟ್ಟಿದ್ರೆ ಹರಿದುಹೋದೀತು."

ಅವರು ನನ್ನನ್ನು ನೋಡಿದರು. ನಂಬಿದರೋ ಇಲ್ಲವೋ ತಿಳಿಯದು. ಅಪ್ಪನ ಹಾಳೆ ಎಂದ ಮೇಲೆ ನಂಬದೆ ಗತ್ಯಂತರವಿರಲಿಲ್ಲ. ತಲೆ ತಗ್ಗಿಸಿ ಗೂಡಿನೊಳಗೆ ಹೋದರು. ಒಬ್ಬ ಮನುಷ್ಯ ನಿಂತು ತಿರುಗುವಷ್ಟೇ ಜಾಗ, ಅಪ್ಪನ ಅಳತೆಯ ಪ್ರಕಾರ.

ಬಾಗಿಲು ಎಳೆದೆ. ಅಗುಳಿ ಹಾಕಿದೆ. ಅದು ಅವರೇ ನುಣುಪಾಗಿ ಕೆತ್ತಿಸಿದ್ದು, ಸದ್ದಿಲ್ಲದೆ ಕೂತಿತು.

ತೀರ್ಪುಗಾರರು ಮೂರು ಜನ. ಪೂಜೆಯ ಹೆಂಗಸರು ಕೆಂಪಂಚಿನ ಸೀರೆಯುಟ್ಟು ಶಂಖ ಹಿಡಿದು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಕುಸುಮಕ್ಕ ಕೂಡ ಇದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರನ್ನು ಸಾಲಿಗೆ ಕರೆದಿದ್ದರು. ಗಂಡ ಎಲ್ಲಿ ಅಂತ ಕಣ್ಣಲ್ಲೇ ಕೇಳಿದರು. ಮನೆಗೆ ಹೋದರು ಎಂಬಂತೆ ನಾನು ಕೈ ಅಲ್ಲಾಡಿಸಿದೆ.

ಬತೇರಿಯ ಎದುರು ನಿಂತು ಫಲಕವನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. 'ಸ್ವಇಚ್ಛೆಯಿಂದ' ಎಂಬಲ್ಲಿಗೆ ಬರುವಾಗ ಒಳಗಿನಿಂದ ಬಾಗಿಲು ಬಡಿದ ಸದ್ದು. ಎರಡು ಸಲ. ಆಮೇಲೆ ಇನ್ನೂ ಎರಡು ಸಲ, ಗಟ್ಟಿಯಾಗಿ. ಒಬ್ಬ ತೀರ್ಪುಗಾರ ತಲೆಯೆತ್ತಿದ.

ನಾನು ನಗಾರಿಕಟ್ಟೆಯ ಕಡೆ ನೋಡಿ ಢಾಕಿಗಳಿಗೆ ಕಣ್ಸನ್ನೆ ಮಾಡಿದೆ.

ಅವರು ಬಾರಿಸಿದರು. ಹೇಗೆ ಬಾರಿಸಿದರೆಂದರೆ ಪ್ಲೈವುಡ್ಡಿನ ಗೋಡೆಯೇ ನಡುಗಿತು, ಹೆಂಗಸರು ಶಂಖ ಊದಿದರು, ತೀರ್ಪುಗಾರ್ತಿಯೊಬ್ಬಳು ಕಣ್ಣೊರೆಸಿಕೊಂಡಳು. ಕಟ್ಟೆ ಬತೇರಿಯ ಎದುರಿಗೇ ಯಾಕಿದೆ ಎಂಬುದು ನನಗೆ ಆ ಹೊತ್ತಿಗೆ ಪೂರ್ತಿ ಅರ್ಥವಾಯಿತು. ಮೂವತ್ತು ವರ್ಷ ಭಾಷಣ ಕೇಳಿದರೂ ಅರ್ಥವಾಗಿರಲಿಲ್ಲ. ಅರ್ಥವಾದ ಮೇಲೂ ಕೈಯೆತ್ತಿ ನಿಲ್ಲಿಸಲಿಲ್ಲ. ಜೋರು, ಇನ್ನೂ ಜೋರು ಎಂದು ಬೆರಳಾಡಿಸಿದೆ.

ಅಗುಳಿ ತೆಗೆದದ್ದು ನಲವತ್ತು ನಿಮಿಷದ ಮೇಲೆ, ತೀರ್ಪುಗಾರರು ಚಹಾಕ್ಕೆ ಹೋದ ನಂತರ. ದೇವದಾಸಣ್ಣ ಬೆವರಿನಲ್ಲಿ ಮಿಂದಿದ್ದರು. ವಾರ್ನಿಷಿನ ವಾಸನೆಗೆ ಕಣ್ಣು ಕೆಂಪಾಗಿತ್ತು. ಬಲಗೈಯ ಗೆಣ್ಣುಗಳ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ನನ್ನ ಮುಖ ನೋಡಲಿಲ್ಲ. ಬಗ್ಗಿ, ಅಗುಳಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟು, ಕಾಲೆಳೆಯುತ್ತಾ ಮನೆಗೆ ಹೋದರು.

ನಮಗೆ ಬಹುಮಾನ ಬಂತು. ಅಷ್ಟಮಿಯ ದಿನ ತಮೋನಾಶ್ ಮೈಕಿನಲ್ಲಿ ಎಲ್ಲರಿಗೂ ಕೃತಜ್ಞತೆ ಹೇಳಿದ. "ತಮ್ಮ ತಂದೆಯ ಅಮೂಲ್ಯ ನಕ್ಷೆಗಳನ್ನು ಸ್ವಇಚ್ಛೆಯಿಂದ ಕೊಟ್ಟ ದೇಬುದಾ," ಎಂದ. ಚಪ್ಪಾಳೆ ಬಿತ್ತು. ಆ ಭಾಷಣ ಬರೆದುಕೊಟ್ಟವನು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಮಾತು ಬಾಯಿಗೆ ರೂಢಿಯಾಗಿತ್ತು, ಪೆನ್ನಿಗೂ ರೂಢಿಯಾಗಿತ್ತು.

ವಿಸರ್ಜನೆಯಾದ ಎರಡನೇ ದಿನಕ್ಕೆ ಲಾರಿ ಬಂತು. ಇಲ್ಲಿ ದುರ್ಗಾಪೂಜೆಯ ಮಂಟಪದ ಭಾಗಗಳನ್ನು ಬೇರೆ ಊರಿನ ಪೂಜೆಯವರು ಕೊಂಡುಕೊಳ್ಳುವ ಪದ್ಧತಿ. ನಮ್ಮ ಬತೇರಿಯನ್ನು ಚಂದನನಗರದ ಒಂದು ಜಗದ್ಧಾತ್ರಿ ಪೂಜೆಯ ಕಮಿಟಿಯವರು ಹಾಳೆಗಳ ಸಮೇತ ಒಯ್ದರು. ಆ ಮೇಲೆ ಒಂದು ಫೋಟೋ ನೋಡಿದೆ. ಗೂಡನ್ನು ಬಿಚ್ಚಿ ಅಗಲಿಸಿ, ಒಳಗೆಲ್ಲ ನೀಲಿ ಎನಾಮೆಲ್ ಬಳಿದು, ಥರ್ಮಾಕೋಲಿನ ಮೀನು ತೂಗುಹಾಕಿದ್ದರು. ಸಮುದ್ರದ ತಳದ ಅರಮನೆ ಅಂತೆ. ನೀಲಿಯ ಅಡಿಯಲ್ಲಿ ಒಂದು ಕಡೆ ಕುಸುಮಕ್ಕನ ಕಪ್ಪು ಗೆರೆ ಎರಡು ಇಂಚು ಕಾಣುತ್ತಿತ್ತು.

ದಶಮಿ ಕಳೆದ ಮೇಲೆ ಹಿರಿಯರ ಮನೆಗೆ ಸಿಹಿ ಒಯ್ದು ಕಾಲು ಮುಟ್ಟುವುದು ಇಲ್ಲಿನ ಸಂಪ್ರದಾಯ. ಬಿಜಯಾ ಎನ್ನುತ್ತಾರೆ. ಪ್ರತಿ ವರ್ಷ ನಾನು ಮೊದಲು ಹೋಗುತ್ತಿದ್ದದ್ದು ಮೂರನೇ ಮಹಡಿಗೆ. ಈ ಸಲ ಹೋಗದಿದ್ದರೆ ಕಟ್ಟಡದವರು ಏನಂದುಕೊಳ್ಳುತ್ತಾರೆ ಎಂಬ ಒಂದೇ ಕಾರಣಕ್ಕೆ ಸಂದೇಶ್ ಎಂಬ ಸಿಹಿಯ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದದ್ದು ಕುಸುಮಕ್ಕ. ಒಳಗೆ ಕಿಟಕಿಯ ಪಕ್ಕ ದೇವದಾಸಣ್ಣ ಕೂತಿದ್ದರು, ಬಲಗೈಗೆ ಬಿಳಿ ಬಟ್ಟೆ ಸುತ್ತಿತ್ತು. ಹಾಸಿಗೆಯ ಕೆಳಗಿನ ಕಾಗದದ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ನಾನು ಬಗ್ಗಿ ಕಾಲು ಮುಟ್ಟಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಲೆಯ ಮೇಲೆ ಕೈಯಿಡಲೂ ಇಲ್ಲ.

"ಯಶವಂತ," ಎಂದರು ಕುಸುಮಕ್ಕ, ನನ್ನ ಮುಂದೆ ನಿಂತು. "ಇವರು ಏನು ಕೇಳಿದ್ರೂ ಹೇಳುದಿಲ್ಲ. ನಿಮ್ಮತ್ರ ಕೇಳ್ತೇನೆ. ಅವತ್ತು ಇವರು ಆ ಗೂಡಿನ ಒಳಗೆ ಇದ್ದದ್ದಾ?"

"ಹ್ಞೂಂ, ಕುಸುಮಕ್ಕ. ಹಾಳೆ ನೋಡ್ತೇನೆ ಅಂತ ಹೋದ್ರು."

"ಹೋದದ್ದು ಸರಿ. ಅಗುಳಿ?"

ನಲವತ್ತೆರಡು ಹಾಳೆಗಳ ಮೇಲೆ ಗೆರೆ ತಿದ್ದಿದ ಹೆಂಗಸು. ಅವರ ಕಣ್ಣಿಗೆ ಮಣ್ಣೆರಚುವುದು ಆಗದ ಕೆಲಸ ಎಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ.

"ಅಗುಳಿ ಹಾಕಿರ್ಲಿಲ್ಲ. ತೀರ್ಪುಗಾರರಿಗೆ ಅಡ್ಡ ಆಗ್ಬಾರ್ದು ಅಂತ ಅವರೇ ಒಳಗೆ ಕೂತದ್ದು."

ಕುಸುಮಕ್ಕ ಗಂಡನ ಕಡೆ ತಿರುಗಿದರು. ಗಂಡ ಒಂದೇ ಒಂದು ಸಲ ಇಲ್ಲ ಎಂದಿದ್ದರೆ ಆ ಕ್ಷಣವೇ ನನ್ನ ಮುಖಕ್ಕೆ ಉಗಿದು, ಕೆಳಗಿಳಿದು, ಇಡೀ ಪಾಡಾದ ಎದುರು ನನ್ನ ಹೆಸರು ಹಿಡಿದು ಕೂಗುವವರು ಅವರು. ನಾನು ಹೆದರಿ ನೀರಾದೆ.

ದೇವದಾಸಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೆಳಗಿನ ಮೈದಾನದಲ್ಲಿ ಹುಡುಗರು ಬಿದಿರು ಎಣಿಸಿ ಕಟ್ಟುತ್ತಿದ್ದರು. ಆ ಹುಡುಗರ ನಡುವೆಯೇ ಇವರಿಬ್ಬರೂ ಇನ್ನು ಮುಂದೆಯೂ ಬದುಕಬೇಕು, ತರಕಾರಿ ತರಬೇಕು, ಕಾಯಿಲೆ ಬಿದ್ದರೆ ಇದೇ ಹುಡುಗರ ಕೈಯಲ್ಲಿ ಆಟೋ ಕರೆಸಬೇಕು. ಅಷ್ಟೆಲ್ಲ ಅವರು ಯೋಚಿಸಿದರೋ, ಇಲ್ಲ ಸುಸ್ತಾಗಿ ಹೋಗಿತ್ತೋ, ನನಗೆ ತಿಳಿಯದು.

"ಹೌದು ಕುಸುಮಾ," ಎಂದರು. "ಅಗುಳಿ ಹಾಕಿರ್ಲಿಲ್ಲ. ನಾನಾಗಿ ಹೋಗಿ ಕೂತದ್ದು."

"ಕೈ?"

"ಬಾಗಿಲಿಗೆ ತಾಗಿತು."

ನನ್ನ ಜೀವ ಬಂದಹಾಗಾಯಿತು. ಅದನ್ನೂ ಇಲ್ಲಿ ಬರೆಯಬೇಕು. ಅವರಪ್ಪ ಕೆಲಸ ಕಳಕೊಂಡದ್ದು ಯಾವ ಸಾಲಿಗಾಗಿಯೋ, ಇವರು ಇಷ್ಟು ವರ್ಷ ಕಾಗದ ಬರೆದದ್ದು ಯಾವ ಸಾಲಿಗಾಗಿಯೋ, ಆ ಸಾಲನ್ನು ಇವರ ಬಾಯಿಂದಲೇ ಹೇಳಿಸಿದೆ. ನನಗಾದದ್ದು ಬರೀ ನೆಮ್ಮದಿ.

ಕುಸುಮಕ್ಕ ಅಡುಗೆಮನೆಗೆ ಹೋದರು. ನಾನು ತಂದ ಸಿಹಿಯನ್ನು ತಟ್ಟೆಗೆ ಹಾಕಿದರು, ಚಹಾ ಮಾಡಿ ತಂದರು. ಗಂಡನ ಎಡಗೈಗೆ ಒಂದು ಕಪ್ಪು, ನನಗೊಂದು ಕಪ್ಪು. ನಾನು ಪೂರ್ತಿ ಕುಡಿದೆ. ಹೊರಟಾಗ ಬಾಗಿಲವರೆಗೆ ಬಂದು, ನಾನು ಹೊರಗೆ ಕಾಲಿಟ್ಟ ಮೇಲೆ, ಒಳಗಿನಿಂದ ಚಿಲಕ ಹಾಕಿಕೊಂಡರು.